ಎಲ್ಕ್ ಗ್ರೋವ್‌ನಲ್ಲಿ ಕಬ್ಬಿಣ ಹೆರೆದದ್ದು

ಅಮೆರಿಕದಲ್ಲಿ ನನ್ನ ಮೊಟ್ಟಮೊದಲ ಇಂಟರ್‌ವ್ಯೂಗೆ ಹೋದಾಗ ಬಾಗಿಲಲ್ಲಿದ್ದ ಹೆಂಗಸು ಹೇಳಿದ ಮೊದಲ ಮಾತು, "ಶೂಸ್ ಇಲ್ಲೇ ಬಿಡಿ" ಎಂದು. ಈ ದೇಶದ ಜನ ಬೂಟು ಮೆಟ್ಟಿಕೊಂಡೇ ಅಡುಗೆಮನೆಗೆ ಬರುವುದನ್ನು ಎಂಟು ತಿಂಗಳು ನೋಡಿ ನೋಡಿ ಅದಕ್ಕೆ ಒಗ್ಗಿಕೊಂಡಿದ್ದೆ. ಈಗ ನೋಡಿದರೆ ಒಂದು ಕಾರ್ಖಾನೆಯ ಆಫೀಸಿಗೆ ಹೋಗಲು ಹೊಸ್ತಿಲಲ್ಲಿ ಬೂಟು ಬಿಡಬೇಕು! ಹೊರಗೆ ಮೊಣಕಾಲೆತ್ತರದ ಹಿಮ. ನನ್ನ ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಸಾಲಾಗಿ ಜೋಡಿಸಿದ್ದ ಕಂದು ಬಣ್ಣದ ಚಪ್ಪಲಿಗಳಲ್ಲಿ ಒಂದು ಜೊತೆಯೊಳಗೆ ಕಾಲನ್ನು ಬೇಗ ಬೇಗ ತೂರಿಸಿಕೊಂಡು ಒಳಗೆ ನಡೆದೆ. ಗೋಡೆಯ ಮೇಲಿನ ಬರಹ ಇಂಗ್ಲಿಷಿನದಲ್ಲ, ಜಪಾನಿನದು.

ನಾನು ಅಲ್ಲಿಗೆ ಬಂದದ್ದು ಹೇಗೆಂದು ಹೇಳಬೇಕು. ಬೆಂಗಳೂರಿನ ಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಫಿಟ್ಟರ್ ಆಗಿದ್ದೆ. ನನ್ನ ಕೆಲಸ ಸ್ಕ್ರೇಪಿಂಗ್, ಅಂದರೆ ಕಬ್ಬಿಣ ಹೆರೆಯುವುದು. ಲೇತಿನಂಥ ಯಂತ್ರದ ಹಾಸು, ಅಂದರೆ ಮಿಕ್ಕ ಭಾಗಗಳೆಲ್ಲ ಕೂರುವ ಅಡಿಯ ಕಬ್ಬಿಣದ ಮೈ, ಎಷ್ಟೇ ಚೆನ್ನಾಗಿ ಕಡೆದು ಬಂದಿದ್ದರೂ ಪೂರ್ತಿ ಸಮ ಇರುವುದಿಲ್ಲ. ಅತ್ಯಂತ ಸಮತಟ್ಟಾದ ಮಾಸ್ಟರ್ ಪ್ಲೇಟಿಗೆ ತೆಳ್ಳಗೆ ನೀಲಿ ಬಣ್ಣ ಸವರಿ ಅದರ ಮೇಲೆ ಕೆಲಸದ ತುಂಡನ್ನು ಉಜ್ಜಿದರೆ, ಉಬ್ಬಿದ ಕಡೆ ಮಾತ್ರ ನೀಲಿ ಹತ್ತುತ್ತದೆ. ಆ ಚುಕ್ಕೆಗಳನ್ನು ಉದ್ದನೆಯ ಉಳಿಯಂಥ ಸಾಧನದಿಂದ ಕೂದಲೆಳೆಗಿಂತ ತೆಳುವಾಗಿ ಹೆರೆಯಬೇಕು. ಮತ್ತೆ ಉಜ್ಜಬೇಕು, ಮತ್ತೆ ಹೆರೆಯಬೇಕು. ನೀಲಿ ಚುಕ್ಕೆಗಳು ಎಲ್ಲ ಕಡೆ ಒಂದೇ ಸಮ ಹರಡಿಕೊಳ್ಳುವ ತನಕ ಇದೇ ಕೆಲಸ.

ತೊಂಬತ್ತರ ದಶಕದ ಕೊನೆಗೆ ನಮ್ಮ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿಯ ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರೂ ಇತ್ತು. ಅದೇ ಹೊತ್ತಿಗೆ, ನರ್ಸ್ ಆಗಿ ಶಿಕಾಗೋ ಕಡೆ ನೆಲೆಸಿದ್ದ ನಮ್ಮಕ್ಕ ನಾಗರತ್ನ ಎಷ್ಟೋ ವರ್ಷದ ಹಿಂದೆ ನನ್ನ ಹೆಸರಲ್ಲಿ ಹಾಕಿದ್ದ ಅರ್ಜಿಗೆ ವೀಸಾ ಬಂತು. ನಲವತ್ತೆರಡರ ವಯಸ್ಸಿನಲ್ಲಿ ಹೆಂಡತಿ ಗಿರಿಜಾ, ಮಗಳು ಸುಮಾ ಜೊತೆ ಡೌನರ್ಸ್ ಗ್ರೋವ್‌ನ ಅಕ್ಕನ ಮನೆಯ ಬೇಸ್‌ಮೆಂಟಿಗೆ ಬಂದಿಳಿದೆ. ಬೇಸ್‌ಮೆಂಟ್ ಎಂದರೆ ನೆಲದಡಿಯ ಕೋಣೆ. ಅದರ ಕಿಟಕಿಯಿಂದ ಕಾಣುವುದು ಹುಲ್ಲಿನ ಬುಡ ಮಾತ್ರ.

ಅರ್ಜಿ ಹಾಕಿದಲ್ಲೆಲ್ಲ ಫೋನಿನಲ್ಲೇ ಒಂದೇ ಪ್ರಶ್ನೆ: ಡಿಗ್ರಿ ಏನು? ಐ.ಟಿ.ಐ. ಎಂದರೆ ಅದು ಯಾವ ಯೂನಿವರ್ಸಿಟಿ ಎಂದು ಕೇಳುತ್ತಿದ್ದರು. ಆಗ ನಮ್ಮವರಲ್ಲಿ ಅರ್ಧ ಜನ ಕಂಪ್ಯೂಟರ್ ಕಲಿಯಲು ಓಡುತ್ತಿದ್ದರು. ಅಕ್ಕನ ಗಂಡ ಒಳ್ಳೆಯವರು. ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಹೇಳಿದರು:

"ನಂಜುಂಡ, ಬೇಜಾರು ಮಾಡ್ಕೋಬೇಡ. ಈ ಕಾಲದಲ್ಲಿ ಕಬ್ಬಿಣಾನ ಕೈಯಲ್ಲಿ ಕೆರೀತೀನಿ ಅಂದ್ರೆ ಯಾರು ಕೇಳ್ತಾರೆ? ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸಿಗೆ ಸೇರ್ಕೋ. ಆರು ತಿಂಗಳು ಅಷ್ಟೆ."

"ಸರಿ ಭಾವ, ನೋಡ್ತೀನಿ" ಅಂದೆ. ಕೆಳಗಿಳಿದು ಬಂದು ಕೈ ನೋಡಿಕೊಂಡು ಕೂತೆ. ಗಿರಿಜಾ ಆಗಲೇ ಸ್ಯಾಂಡ್‌ವಿಚ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ನಾನು ಎಲ್ಕ್ ಗ್ರೋವ್‌ನ ಒಂದು ಗೋದಾಮಿನಲ್ಲಿ ಡಬ್ಬ ಕಟ್ಟುತ್ತಿದ್ದೆ. ವಿಮಾನ ನಿಲ್ದಾಣದ ಬಗಲಿನ ಆ ಊರಿನಲ್ಲಿ ಮೈಲಿಗಟ್ಟಲೆ ಕಾರ್ಖಾನೆಗಳು, ನಮ್ಮ ಪೀಣ್ಯದ ಹಾಗೆ. ವ್ಯತ್ಯಾಸ ಏನೆಂದರೆ ಪೀಣ್ಯದಲ್ಲಿ ರಸ್ತೆಗೇ ಸದ್ದು ಕೇಳುತ್ತದೆ, ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ, ಟೀ ಅಂಗಡಿಯಲ್ಲಿ ಯಾರಾದರೂ ಸಿಗುತ್ತಾರೆ. ಇಲ್ಲಿ ಕಿಟಕಿಯಿಲ್ಲದ ಚಪ್ಪಟೆ ಕಟ್ಟಡಗಳ ಒಳಗೆ ಏನು ನಡೆಯುತ್ತದೆಂದು ಪಕ್ಕದವನಿಗೂ ಗೊತ್ತಾಗುವುದಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಲಾರಿ ಡ್ರೈವರಿನ ಜೊತೆ ಅಂಥದೊಂದು ಕಟ್ಟಡಕ್ಕೆ ಸಾಮಾನಿಳಿಸಲು ಹೋದೆ. ಅದರ ದೊಡ್ಡ ಬಾಗಿಲು ತೆರೆದಿತ್ತು. ಒಳಗೆ ಮರದ ದಿಮ್ಮಿಗಳ ಮೇಲೆ ಯಂತ್ರದ ಹಾಸು. ಅದರ ಮೈಮೇಲೆ ಮೀನಿನ ಹುರುಪೆಯ ಹಾಗೆ ಹೊಳೆಯುವ ಗುರುತುಗಳು. ಕೈಯಲ್ಲಿ ಹೆರೆದದ್ದೇ, ಅನುಮಾನವಿರಲಿಲ್ಲ. ಹೊತ್ತಿದ್ದ ಡಬ್ಬ ಇಳಿಸಿ ಹತ್ತಿರ ಹೋದೆ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡತೊಡಗಿದೆ.

ಬೂದು ಟೋಪಿಯ ಜಪಾನಿ ಒಬ್ಬರು ಬಂದು ನಿಂತರು. ಐವತ್ತು ದಾಟಿದ ವಯಸ್ಸು. ಗದರಿಸುತ್ತಾರೆಂದುಕೊಂಡೆ. ಅವರ ಇಂಗ್ಲಿಷ್ ನನ್ನದಕ್ಕಿಂತಲೂ ಹರುಕುಮುರುಕು.

"ನೀವು ಮುಟ್ಟಲಿಲ್ಲ. ಎಲ್ಲರೂ ಮುಟ್ಟುತ್ತಾರೆ. ಯಾಕೆ ಮುಟ್ಟಲಿಲ್ಲ?"

"ಕೈಯಲ್ಲಿ ಬೆವರಿದೆ. ತುಕ್ಕು ಹಿಡಿಯುತ್ತೆ."

"ಈ ಕೆಲಸ ಗೊತ್ತಾ?"

"ಹತ್ತೊಂಬತ್ತು ವರ್ಷ ಮಾಡಿದ್ದೀನಿ. ಬೆಂಗಳೂರಿನಲ್ಲಿ."

ಅವರು ತಮ್ಮ ಕಾರ್ಡು ಕೊಟ್ಟರು, ಎರಡು ಕೈಯಲ್ಲಿ, ನಾವು ಪ್ರಸಾದ ಕೊಡುವಷ್ಟು ಭಕ್ತಿಯಿಂದ. ಹೆಸರು ತನಾಕಾ. ಗುರುವಾರ ಬರಲು ಹೇಳಿದರು.

ಗುರುವಾರ ಬೂಟು ಬಿಟ್ಟು ಒಳಗೆ ಹೋದದ್ದು ಹಾಗೆ. ಬಾಗಿಲಲ್ಲಿ ಸಿಕ್ಕಿದ್ದ ಆ ಅಮೆರಿಕನ್ ಹೆಂಗಸು, ಆಫೀಸಿನ ಲಿಂಡಾ, ನನ್ನ ಕಾಗದಗಳನ್ನು ತಿರುವಿ, ಕಾಲೇಜು ಓದಿಲ್ಲದವರನ್ನು ತೆಗೆದುಕೊಳ್ಳುವುದು ಕಷ್ಟ ಎಂದರು. ತನಾಕಾ ನನ್ನನ್ನು ಕಾರ್ಖಾನೆಯೊಳಗೆ ಕರೆದೊಯ್ದು ಅಂಗೈ ಅಗಲದ ಬೀಡು ಕಬ್ಬಿಣದ ತುಂಡು, ಹೆರೆಯುವ ಸಾಧನ, ನೀಲಿ ಬಣ್ಣ, ಒಂದು ಮಾಸ್ಟರ್ ಪ್ಲೇಟು ತೋರಿಸಿದರು. "ಎರಡು ಗಂಟೆ" ಎಂದು ಹೇಳಿ ಹೋದರು.

ಎಂಟು ತಿಂಗಳಾದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ಪ್ಲೇಟಿಗೆ ನೀಲಿ ಸವರಿ, ತುಂಡನ್ನು ಉಜ್ಜಿ ಹೆರೆಯತೊಡಗಿದೆ. ಆಮೇಲೆ ಮರೆತೇಹೋಯಿತು, ನಾನು ಯಾವ ದೇಶದಲ್ಲಿದ್ದೇನೆ ಎಂಬುದೂ.

ತನಾಕಾ ಲಿಂಡಾರ ಜೊತೆ ಬಂದು ತುಂಡನ್ನು ಪ್ಲೇಟಿನ ಮೇಲೆ ಉಜ್ಜಿ, ಎತ್ತಿ ಬೆಳಕಿಗೆ ಹಿಡಿದರು. ಒಂದು ಮೂಲೆಯಲ್ಲಿ ನೀಲಿ ಮಂಕಾಗಿತ್ತು.

"ಈ ಮೂಲೆ ತಗ್ಗು" ಎಂದರು. ಲಿಂಡಾ ಕಾಗದದ ಮೇಲೆ ಏನೋ ಬರೆದುಕೊಂಡರು.

ಇಂಟರ್‌ವ್ಯೂನಲ್ಲಿ ಎದುರು ಮಾತಾಡಬೇಡ ಎಂದು ಭಾವ ಹೇಳಿ ಕಳಿಸಿದ್ದರು. ಸುಮ್ಮನಿದ್ದರೆ ಮತ್ತೆ ಗೋದಾಮು. ಮಾತಾಡಿದರೂ ಬಹುಶಃ ಅದೇ. ಆದರೆ ಆ ಮೂಲೆ ತಗ್ಗಿರಲಿಲ್ಲ, ನನಗೆ ಗೊತ್ತಿತ್ತು. ಹೆರೆಯುವಾಗಲೇ ತುಂಡನ್ನು ತಿರುಗಿಸಿ ತಿರುಗಿಸಿ ಉಜ್ಜಿ ನೋಡಿದ್ದೆ.

"ಸರ್, ತುಂಡು ಸರಿಯಾಗಿದೆ. ನಿಮ್ಮ ಪ್ಲೇಟ್ ಸವೆದಿದೆ. ತುಂಡನ್ನು ಹಿಂದುಮುಂದಾಗಿ ತಿರುಗಿಸಿ ಉಜ್ಜಿ ನೋಡಿ."

ತಪ್ಪು ನನ್ನ ತುಂಡಿನದಾದರೆ ಮಂಕು ಅದೇ ಮೂಲೆಯಲ್ಲಿ ಉಳಿಯಬೇಕು. ಪ್ಲೇಟಿನದಾದರೆ ತುಂಡಿನ ಇನ್ನೊಂದು ಮೂಲೆಗೆ ಬರಬೇಕು. ತನಾಕಾ ತಿರುಗಿಸಿದರು, ಉಜ್ಜಿದರು, ಎತ್ತಿದರು. ಮಂಕು ಇನ್ನೊಂದು ಮೂಲೆಗೆ ಬಂದಿತ್ತು.

ಅವರು ಒಂದು ಕೆಂಪು ಚೀಟಿ ತಂದು, ಬಳಸಬಾರದೆಂದು ಬರೆದು ಪ್ಲೇಟಿಗೆ ಕಟ್ಟಿದರು. ನನ್ನ ಹೆಸರು ಕೇಳಿದರು. ಗೋದಾಮಿನಲ್ಲಿ ನಾನು ಬರೀ 'ನ್ಯಾನ್' ಆಗಿದ್ದೆ, ಪೂರ್ತಿ ಹೆಸರು ಯಾರ ಬಾಯಿಗೂ ಹಿಡಿಸುತ್ತಿರಲಿಲ್ಲ. ತನಾಕಾ ಒಂದೊಂದೇ ಅಕ್ಷರ ಬಿಡಿಸಿ, "ನಂ-ಜುಂ-ದಾ ಸಾನ್" ಎಂದರು. ಸಾನ್ ಎಂದರೆ ನಮ್ಮ 'ಅವರೇ' ಇದ್ದ ಹಾಗೆ. ನಂಜುಂಡ ಅವರೇ. ಆ ಮರ್ಯಾದೆ ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತು!

"ಕಾಲೇಜಿನ ವಿಷಯ?" ಎಂದು ಲಿಂಡಾ ಕೇಳಿದರು.

"ಇದಕ್ಕೆ ಕಾಲೇಜಿಲ್ಲ" ಎಂದರು ತನಾಕಾ. "ಸೋಮವಾರದಿಂದ ಬರಲಿ."

ಈ ಕೆಲಸಕ್ಕೆ ಜಪಾನಿನವರು ಕಿಸಾಗೆ ಅನ್ನುತ್ತಾರೆ. ಅವರ ಊರಿನಲ್ಲಿ ಕಿಸಾಗೆ ಬಲ್ಲವನನ್ನು ಇಂಜಿನಿಯರುಗಳೂ ಎದ್ದು ಮಾತಾಡಿಸುತ್ತಾರಂತೆ. ಸೋಮವಾರ ಬೆಳಗ್ಗೆ ಹೋದರೆ ಮೊದಲು ಸಾಲಾಗಿ ನಿಂತು ವ್ಯಾಯಾಮ, ಪ್ರೈಮರಿ ಶಾಲೆಯ ಡ್ರಿಲ್ಲಿನ ಹಾಗೆ. ಮಧ್ಯಾಹ್ನ ನನ್ನ ಮೊಸರನ್ನ, ಉಪ್ಪಿನಕಾಯಿಯ ಎದುರಿಗೆ ತನಾಕಾ ಅವರ ಅನ್ನ, ಉಪ್ಪು ಹಾಕಿದ ಹುಳಿ ಹಣ್ಣು. ಒಂದು ದಿನ ನಮ್ಮ ಮಾವಿನ ಮಿಡಿ ಕೊಟ್ಟೆ. ಅವರ ಕಣ್ಣಲ್ಲಿ ನೀರು ಬಂತು, ಆದರೂ ಬಿಡದೆ ತಿಂದರು.

ವರ್ಷದೊಳಗೆ ನಾವು ಬೇಸ್‌ಮೆಂಟ್ ಬಿಟ್ಟು ಎರಡನೇ ಮಹಡಿಯ ಬಾಡಿಗೆ ಮನೆಗೆ ಬಂದೆವು. ಮಗಳು ಶಾಲೆಯಲ್ಲಿ ಅಪ್ಪನ ಕೆಲಸದ ಬಗ್ಗೆ ಮಾತಾಡಬೇಕಿತ್ತಂತೆ. ಹೆರೆದ ಒಂದು ತುಂಡನ್ನು ಕೇಳಿ ತೆಗೆದುಕೊಂಡು ಹೋದಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವತ್ತು ಮನೆಗೆ ಬಂದವಳೇ, "ಅಪ್ಪಾ, ಎಲ್ರೂ ನೋಡಿದ್ರು" ಎಂದಳು.

ಕೆಲವು ವರ್ಷಗಳ ನಂತರ ಡೆಟ್ರಾಯಿಟ್ ಹತ್ತಿರದ ಒಂದು ಕಾರಿನ ಬಿಡಿಭಾಗಗಳ ಕಾರ್ಖಾನೆಯಿಂದ ಕರೆ ಬಂತು. ನಮ್ಮ ಕಂಪನಿ ಅವರಿಗೆ ಮಾರಿದ್ದ ಯಂತ್ರದ ಹಾಸು ಸವೆದಿತ್ತು, ಅಲ್ಲೇ ಹೋಗಿ ಸರಿ ಮಾಡಬೇಕಿತ್ತು. ತನಾಕಾ ಆಗ ಜಪಾನಿಗೆ ಮರಳಿದ್ದರು. ಕಂಪನಿಯವರು ನನ್ನನ್ನೂ, ನನ್ನ ಕೈಕೆಳಗೆ ಕಲಿಯುತ್ತಿದ್ದ ರೋಸಾ ಎಂಬ ಮೆಕ್ಸಿಕೋ ಮೂಲದ ಹೆಂಗಸನ್ನೂ ಕಳಿಸಿದರು. ಐದು ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಊರು ಹತ್ತಿರವಾದಂತೆ ದಾರಿಯುದ್ದಕ್ಕೂ ಗಾಜು ಒಡೆದ, ಮುಚ್ಚಿದ ಕಾರ್ಖಾನೆಗಳು. ಬೆಂಗಳೂರಿನಲ್ಲಿ ಕಾರ್ಖಾನೆ ಮುಚ್ಚಿದರೆ ಎರಡು ವರ್ಷದಲ್ಲಿ ಅಲ್ಲಿ ಅಪಾರ್ಟ್‌ಮೆಂಟ್ ಎದ್ದು ನಿಲ್ಲುತ್ತದೆ, ಹಳೆಯದರ ಗುರುತೇ ಉಳಿಯುವುದಿಲ್ಲ. ಇಲ್ಲಿ ಹೆಣವನ್ನು ಎತ್ತುವವರೂ ಇಲ್ಲದೆ ಹಾಗೇ ಬಿಟ್ಟಿದ್ದರು.

ಅಲ್ಲಿನ ರಿಪೇರಿ ವಿಭಾಗದ ಮುಖ್ಯಸ್ಥ ವಾಲ್ಟರ್, ನಿವೃತ್ತಿಗೆ ಹತ್ತಿರವಾದ ಕಪ್ಪು ಮನುಷ್ಯ, ನನ್ನ ಹಿಂದೆ ನೋಡಿದರು.

"ಜಪಾನಿನ ಪರಿಣತರು ಎಲ್ಲಿ?"

"ನಾನೇ" ಅಂದೆ.

ಮೂರು ದಿನ ಹೆರೆದೆವು. ವಾಲ್ಟರ್ ಮೊದಲ ದಿನ ದೂರದಲ್ಲಿ, ಎರಡನೇ ದಿನ ಪಕ್ಕದಲ್ಲಿ, ಮೂರನೇ ದಿನ ಸ್ಟೂಲು ಹಾಕಿಕೊಂಡು ಕೂತರು. ತಮ್ಮ ಅಪ್ಪ ಇದೇ ಊರಿನಲ್ಲಿ ಈ ಕೆಲಸ ಮಾಡುತ್ತಿದ್ದರು, ಈಗ ಬಲ್ಲವರು ಯಾರೂ ಉಳಿದಿಲ್ಲ ಎಂದರು. ಕೊನೆಗೆ ಯಂತ್ರ ಓಡಿಸಿ ಮೊದಲ ಬಿಡಿಭಾಗ ಅಳೆದಾಗ ಸರಿಯಾಗಿ ಬಂತು. ವಾಲ್ಟರ್ ಅದನ್ನು ಒರೆಸಿ ನನ್ನ ಕೈಗೇ ಕೊಟ್ಟರು. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಸನ್ಮಾನ ಇನ್ನೊಂದಾಗಿಲ್ಲ.

ವಾಪಸ್ಸು ಬರುವಾಗ ರೋಸಾ ಡ್ರೈವ್ ಮಾಡುತ್ತಿದ್ದಳು. ನಾನು ಖುಷಿಯಲ್ಲಿ ಮಾತಾಡುತ್ತಲೇ ಇದ್ದೆ: ನಮ್ಮ ಫ್ಯಾಕ್ಟರಿಯಲ್ಲಿ ಹೀಗೆ ಮಾಡುತ್ತೇವೆ, ನಮ್ಮ ಫ್ಯಾಕ್ಟರಿಯಲ್ಲಿ ಹಾಗೆ ಮಾಡುವುದಿಲ್ಲ. ಸ್ವಲ್ಪ ದೂರ ಕೇಳಿಸಿಕೊಂಡು ಅವಳು ಅಂದಳು, "ನಂಜುಂಡ, ಒಂದು ಕೇಳಲಾ? ನಮ್ಮ ಫ್ಯಾಕ್ಟರಿ ಅಂದ್ರೆ ನೀವು ಯಾವುದನ್ನು ಹೇಳ್ತಿದೀರ? ಇಲ್ಲಿಯದಾ, ನಿಮ್ಮೂರಿನದಾ?"

ಆಡಿದ್ದನ್ನೆಲ್ಲ ನೆನೆದು, ಇದು ಬೆಂಗಳೂರಿನದು, ಇದು ಎಲ್ಕ್ ಗ್ರೋವ್‌ನದು ಎಂದು ಒಂದೊಂದಾಗಿ ಬೇರ್ಪಡಿಸಲು ಹೊರಟೆ. ಇಂಡಿಯಾನಾದ ಜೋಳದ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ಶಿಕಾಗೋದ ಬೋರ್ಡು ಬರುವ ಹೊತ್ತಿಗೂ ಎರಡೂ ಬೆರೆತೇ ಇದ್ದವು.