ಅಪ್ಪ ಓಡಿಸಿದರೆ ಮಾತ್ರ ಬಿಡುವ ಕ್ಲಚ್

ಆ ಓಣಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ಅವಳು ಮೀಟರಕ್ಕ. ಕಾರುಗಳ ಕರೆಂಟು ಕೆಲಸ ಅವಳದು. ಗಿರಾಕಿ ಏನೇ ಹೇಳಲಿ, ತಂತಿಗೆ ಮೀಟರ್ ಹಚ್ಚುವ ತನಕ ನಂಬುವುದಿಲ್ಲ. ಹಚ್ಚಿದ ಮೇಲೆ ಬ್ರಹ್ಮ ಬಂದು ಹೇಳಿದರೂ ಕೇಳುವುದಿಲ್ಲ. ಇಂಥವಳ ತಲೆ ಆ ವಾರ ಕೆಟ್ಟು ಕೆರ ಹಿಡಿದಿತ್ತು, ಅದೂ ಸ್ವಂತ ಅಪ್ಪನ ಕಾರಿನಿಂದ.

ಅಪ್ಪ ಲಾರಿ ಓಡಿಸುತ್ತಲೇ ಮುದುಕನಾದವನು. ಎಡಮಂಡಿ ಕೈಕೊಟ್ಟ ಮೇಲೆ ಅವಳೇ ಹುಡುಕಿ, ಕ್ಲಚ್ ಪೆಡಲ್ ಇಲ್ಲದ ಆಟೋಮ್ಯಾಟಿಕ್ ಕಾರು ಕೊಡಿಸಿದ್ದಳು. ಅಂಥ ಕಾರಿನಲ್ಲೂ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತ ಟಾರ್ಕ್ ಕನ್ವರ್ಟರಿನ ಹೊಟ್ಟೆಯೊಳಗೊಂದು ಕ್ಲಚ್ ಇರುತ್ತದೆ. ವೇಗ ಹತ್ತಿದಾಗ ಕರೆಂಟಿನ ಸೂಚನೆ ಸಿಕ್ಕರೆ ಅದು ಎರಡನ್ನೂ ಒಂದಾಗಿ ಕಚ್ಚಿ ಹಿಡಿಯುತ್ತದೆ. ಅಪ್ಪನ ಕಾರಿನಲ್ಲಿ ಅದು ಹಿಡಿದು ಬಿಡುತ್ತಿತ್ತು, ಬಿಟ್ಟು ಹಿಡಿಯುತ್ತಿತ್ತು. ಕಾರು ನಡುಗುತ್ತಿತ್ತು, ಇಂಜಿನ್ ಸುಮ್ಮಸುಮ್ಮನೆ ಅರಚುತ್ತಿತ್ತು.

ಅಣ್ಣನದು ಬೇರೆಯೇ ರಾಗ. "ಕಾರಲ್ಲಿ ಏನೂ ಇಲ್ಲ, ಅಪ್ಪನ ಕೈಲಿ ಇನ್ನು ಆಗಲ್ಲ ಅಷ್ಟೆ. ಭಾನುವಾರದೊಳಗೆ ತೊಂದರೆ ಎಲ್ಲಿದೆ ತೋರಿಸು. ಇಲ್ಲಾಂದ್ರೆ ಕೀಲಿ ನನ್ನ ಹತ್ರ ಇರ್ಲಿ."

"ಕೀಲಿ ತಗೊಂಡ್ರೆ ನನ್ನ ಮೂಲೆಗೆ ಕೂರಿಸಿದ ಹಾಗೆ," ಅಂದ ಅಪ್ಪ, ಮಗಳ ಮುಖವನ್ನೇ ನೋಡುತ್ತ.

ಅವಳು ಹಟಕ್ಕೆ ಬಿದ್ದಳು. ಕ್ಲಚ್ಚಿಗೆ ಎಣ್ಣೆ ಬಿಡುವ ಸೊಲೆನಾಯ್ಡ್ ಎಂಬ ಕರೆಂಟಿನ ವಾಲ್ವನ್ನು ತಣ್ಣಗಿದ್ದಾಗ ಅಳೆದಳು, ಸರಿ ಇತ್ತು. ಕಾದಾಗ ಕೈ ಸುಟ್ಟುಕೊಂಡು ಅಳೆದಳು, ಆಗಲೂ ಸರಿ. ಕನೆಕ್ಟರ್ ಬಿಚ್ಚಿ ಪಿನ್ನು ಉಜ್ಜಿದಳು, ವೈರುಗಳ ಕಟ್ಟು ಹಿಡಿದು ಜಗ್ಗಾಡಿದಳು. ತಾನೇ ರಸ್ತೆಗೆ ಒಯ್ದರೆ ಕಾರು ಬೆಣ್ಣೆಯಂತೆ ಹೋಗುತ್ತಿತ್ತು. ಅಪ್ಪನ ಕೈಗೆ ಕೊಟ್ಟರೆ ಮತ್ತದೇ ಗೋಳು. ಸ್ಕ್ರೂಡ್ರೈವರ್ ಎಸೆದು ತಲೆ ಮೇಲೆ ಕೈ ಹೊತ್ತು ಕೂತಳು.

"ನಿನ್ನ ಕಂಡ್ರೆ ಕಾರಿಗೂ ಭಯ," ಅಂದ ಅಪ್ಪ. "ಈಗಿನ ಜನಕ್ಕೂ ತಾಳ್ಮೆ ಇಲ್ಲಮ್ಮ. ನನ್ನ ಪಾಡಿಗೆ ನಾನು ಹೋಗ್ತಿದ್ರೂ ಹಿಂದಿನವರು ಹಾರ್ನ್ ಹೊಡೀತಾನೇ ಇರ್ತಾರೆ."

"ಅಪ್ಪಾ, ಹಾರ್ನ್ ಪುರಾಣ ಬೇಡ. ಕಾರಿನ ವಿಷಯ ಹೇಳು."

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಿಡಿದು ಅಪ್ಪನ ಪಕ್ಕ ಕೂರಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತು. ಆದರೆ ಆ ಸೀಟಿನ ಸಹವಾಸವೇ ಬೇಡವಾಗಿತ್ತು. ಅವಳಿಗೆ ಡ್ರೈವಿಂಗ್ ಕಲಿಸಿದವನು ಅಪ್ಪನೇ, ಬೈದು ಬೈದು. ಈಗಲೂ ಸ್ಟೀರಿಂಗ್ ಅವನ ಕೈಯಲ್ಲಿದ್ದರೂ ಪಾಠ ಮಾತ್ರ ಅವಳಿಗೆ. ಶನಿವಾರ ಬೇರೆ ದಾರಿ ಕಾಣದೆ ಹಲ್ಲು ಕಚ್ಚಿ ಕೂತಳು.

"ನೋಡು, ಇಂಡಿಕೇಟರ್ ಯಾವಾಗ ಹಾಕ್ತೀನಿ ನೋಡು. ನಿನ್ನ ಹಾಗೆ ತಿರುಗಿದ ಮೇಲಲ್ಲ."

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ವೇಗ ಏರಿತು. ಸ್ಕ್ಯಾನರಿನಲ್ಲಿ ಕ್ಲಚ್ ಹಿಡಿದದ್ದು ಕಂಡಿತು, ಮರುಕ್ಷಣವೇ ಬಿಟ್ಟಿತು. ಅದರ ಕೆಳಗೆ ‘ಬ್ರೇಕ್ ಒತ್ತಿದೆ’ ಎಂದಿತ್ತು. ಬ್ರೇಕ್ ಮುಟ್ಟಿದ ಸುದ್ದಿ ಬಂದರೆ ಈ ಕ್ಲಚ್ ಬಿಡಲೇಬೇಕು. ಅವಳಿಗೆ ಖುಷಿಯೋ ಖುಷಿ. ಬ್ರೇಕ್ ಪೆಡಲಿನ ಸ್ವಿಚ್ಚು ಕೆಟ್ಟಿದೆ, ಅಂಗೈಯಗಲದ ಸಾಮಾನು, ಬದಲಾಯಿಸಿದರೆ ಅಣ್ಣನ ಬಾಯಿ ಬಂದ್. ಸ್ವಿಚ್ಚು ನೋಡಲು ಬಗ್ಗಿದಳು.

ಅಪ್ಪನ ಎಡಗಾಲಿನ ಶೂ ಬ್ರೇಕ್ ಪೆಡಲಿನ ಅಂಚಿನ ಮೇಲೆ ಹಗುರವಾಗಿ ಕೂತಿತ್ತು.

"ಅಪ್ಪಾ, ಎಡಗಾಲು ತೆಗಿ."

"ಎಲ್ಲಿಂದ?"

"ಬ್ರೇಕ್ ಮೇಲಿಂದ."

"ನಾನ್ಯಾಕೆ ಅಲ್ಲಿಡ್ಲಿ? ಕೆಳಗೇ ಇದೆಯಲ್ಲ."

ಸುಳ್ಳು ಹೇಳುವ ದನಿಯಲ್ಲ ಅದು. ಅವಳ ಖುಷಿ ಜರ್ರನೆ ಇಳಿಯಿತು. ಹಿಂದಿನ ಕೆಂಪು ಬ್ರೇಕ್ ದೀಪ ಇಷ್ಟು ದಿನವೂ ಉರಿಯುತ್ತಲೇ ಇದ್ದಿರಬೇಕು. ಹಾರ್ನ್ ಹೊಡೆದವರದೇನು ತಪ್ಪು. ಕಾರನ್ನು ಪಕ್ಕಕ್ಕೆ ಹಾಕಿಸಿ, ಸುತ್ತಿ ಬಂದು ಅಪ್ಪನ ಕಡೆಯ ಬಾಗಿಲು ತೆಗೆದು ಮಂಡಿಯೂರಿದಳು. ಶೂ ಬಿಚ್ಚಿ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡಳು.

"ಈ ಕಡೆ ನೋಡ್ಬೇಡ. ಎಲ್ಲಿ ಮುಟ್ತಿದೀನಿ ಹೇಳು."

ಅಪ್ಪ ರಸ್ತೆಯನ್ನೇ ನೋಡುತ್ತಿದ್ದ. "ಮುಟ್ಟು ಮೊದ್ಲು, ಆಮೇಲೆ ಕೇಳು."

ಅವನ ಹೆಬ್ಬೆರಳನ್ನು ಅವಳು ಆಗಲೇ ಚಿವುಟಿ ಹಿಡಿದಿದ್ದಳು.

ಮುಟ್ಟುವುದನ್ನು ಕಾದು ಕಾದು ಅಪ್ಪ ತಿರುಗಿ ನೋಡಿದ. ಅವಳ ಕೈಯನ್ನೂ ತನ್ನ ಬೆರಳನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಇಂಜಿನ್ ಆರಿಸಿ, ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ. "ಅಣ್ಣಂಗೆ ನಾನೇ ಹೇಳ್ತೀನಿ," ಅಂದ.

"ಮೊದ್ಲು ಡಾಕ್ಟ್ರ ಹತ್ರ ಹೋಗೋಣಪ್ಪ."

ಸೀಟು ಬದಲಾಯಿಸಿ ಹೊರಟರು. ಓಣಿಯ ತಿರುವು ಬಂದಾಗ ಅವಳು ಬೇಕೆಂದೇ ಇಂಡಿಕೇಟರ್ ಹಾಕದೆ ತಿರುಗಿಸಿದಳು. ಅಪ್ಪ ಬೈಯಲಿಲ್ಲ.