ಹಲ್ಲಿಗೊಂದು ಟ್ಯೂಬ್‌ಲೈಟು

ಹಲ್ಲಿ ಸಾಕುವುದಕ್ಕೆ ಏನು ಖರ್ಚು ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಗೋಡೆಯ ಮೇಲಿನ ಜೀವ, ತನ್ನ ಪಾಡಿಗೆ ತಾನು ತಿಂದುಕೊಂಡಿರುತ್ತದೆ ಎನ್ನುತ್ತೀರಿ. ನಮ್ಮದು ಹಾಗಲ್ಲ, ರಾಜಭೋಗದ ಹಲ್ಲಿ.

ತೊಂಬತ್ತರ ದಶಕದ ಕೊನೆ. ಮದುವೆಯಾದ ಹೊಸತರಲ್ಲಿ ಕಲಬುರಗಿ ಕಡೆಯಿಂದ ಬಂದು ಜೋಗುಪಾಳ್ಯದಲ್ಲಿ ಮಹಡಿಯ ಮೇಲೊಂದು ಕೋಣೆ ಹಿಡಿದಿದ್ದೆವು. ಗಂಡ ಬೆಳಿಗ್ಗೆ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗೆ ಹೋದರೆ ಬರುವುದು ರಾತ್ರಿ ಹತ್ತಕ್ಕೆ. ಓಣಿಯ ತುಂಬ ತಮಿಳು, ನನಗೋ ಒಂದಕ್ಷರ ಬಾರದು. ದಿನವಿಡೀ ಮಾತಿಗೆ ಸಿಕ್ಕಿದ್ದು ಮೊಂಡು ಬಾಲದ ಒಂದು ಹಲ್ಲಿ. ನಾನು ಏನಾದರೂ ಹೇಳಿದರೆ ಅದು ಲೊಚಗುಟ್ಟುತ್ತಿತ್ತು. ಗಂಡ ಅಷ್ಟೂ ಮಾಡುತ್ತಿರಲಿಲ್ಲ.

ಅದಕ್ಕೆ ಊಟ ಹಾಕುವ ದಾರಿ ಒಂದೇ. ಸಂಜೆ ಆರಕ್ಕೆ ಕಿಟಕಿ ತೆರೆದು ಟ್ಯೂಬ್‌ಲೈಟು ಹಾಕಬೇಕು. ಹತ್ತಿರದ ಕೆರೆಯ ಕಡೆಯಿಂದ ಹುಳಗಳು ಬರುತ್ತಿದ್ದವು, ಹಲ್ಲಿ ಅವನ್ನು ತಿನ್ನುತ್ತಿತ್ತು. ಜೊತೆಗೆ ಬಂದ ಸೊಳ್ಳೆಗಳು ನನ್ನನ್ನು ತಿನ್ನುತ್ತಿದ್ದವು. ಮನೆಯ ಮಾಲೀಕರಾದ ತಮಿಳು ಅಜ್ಜಿ ಕೆಳಗೆ ಒಬ್ಬರೇ ಇದ್ದರು. ಅವರಿಗೆ ಕನ್ನಡ ಬರುತ್ತಿತ್ತು, ಆದರೆ ನನ್ನೊಡನೆ ಆಡುತ್ತಿದ್ದುದು ಒಂದೇ ಮಾತು. ದಿನವೂ ಅಂಗಳದಿಂದ ಕೂಗುತ್ತಿದ್ದರು: “ಯಾರಿಗಮ್ಮಾ ಇಷ್ಟು ಬೇಗ ಲೈಟು? ಇಬ್ರಿಗೂ ಮೀಟರ್ ಒಂದೇ. ಆಫ್ ಮಾಡು.” ನಾನು ಆರಿಸಿ, ಅವರು ಒಳಗೆ ಹೋದ ಕೂಡಲೇ ಮತ್ತೆ ಹಾಕುತ್ತಿದ್ದೆ.

ಒಂದು ಸಂಜೆ ಅಜ್ಜಿಗೆ ಸಿಟ್ಟು ನೆತ್ತಿಗೇರಿತು. ಮಂಡಿನೋವೆಂದು ಎಂದೂ ಮೆಟ್ಟಿಲು ಹತ್ತದವರು ಗೋಡೆ ಹಿಡಿದುಕೊಂಡು ಮೇಲೆ ಬಂದು ತಾವೇ ಲೈಟು ಆರಿಸಿದರು. ಆರಿಸಿದ್ದೇ ತಡ, ಹಲ್ಲಿ ತಪಕ್ಕನೆ ಅವರ ತಲೆಯ ಮೇಲೇ ಬಿತ್ತು.

ತಲೆಯ ಮೇಲೆ ಹಲ್ಲಿ ಬಿದ್ದರೆ ಸಾವು ಎಂಬ ನಂಬಿಕೆ ನಮ್ಮ ಕಡೆಯೂ ಇದೆ, ಅವರ ಕಡೆಯೂ ಇದೆ. ಅಜ್ಜಿ ನನ್ನ ಚಾಪೆಯ ಮೇಲೆ ಕೂತುಬಿಟ್ಟರು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹೇಳಿದರು: “ಕಂಚಿ ದೇವಸ್ಥಾನದಲ್ಲಿ ಬಂಗಾರದ ಹಲ್ಲಿ ಇದೆ. ಮುಟ್ಟಿದ್ರೆ ದೋಷ ಹೋಗತ್ತೆ. ನಿನ್ ಖರ್ಚಲ್ಲೇ ಕರ್ಕೊಂಡ್ ಹೋಗು, ಇಲ್ಲಾಂದ್ರೆ ರೂಮ್ ಖಾಲಿ ಮಾಡು.”

ಬೇರೆ ಕೋಣೆಗೆ ಅಡ್ವಾನ್ಸ್ ಕೊಡುವ ಶಕ್ತಿ ನಮಗಿರಲಿಲ್ಲ. ಇದು ಹೋದರೆ ಗಂಡ ಅಂಗಡಿಯಲ್ಲಿ ಮಲಗಬೇಕು, ನಾನು ಊರಿಗೆ ವಾಪಸ್. ಹೆದರಿಕೆಯಾಗಿ, ಮಿಕ್ಸಿಗೆಂದು ಕೂಡಿಟ್ಟ ದುಡ್ಡು ತೆಗೆದೆ. ಗಂಡ ಅಂದ: “ಬೆರಳುದ್ದ ಇಲ್ಲ, ಅದರ ಸಲುವಾಗಿ ಕಂಚೀ ತನಕ ಟಿಕೀಟು. ಮೂಗಿಗಿಂತ ಮೂಗುತಿ ಭಾರ ಆತು.”

ಬಸ್ಸಿನಲ್ಲಿ ಅಜ್ಜಿ ಸೆರಗು ಹೊದ್ದು, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡೇ ಕೂತರು. ತಲೆನೋವಾ ಎಂದು ಕಂಡಕ್ಟರ್ ಕೇಳಿದ. “ಹಲ್ಲಿ,” ಎಂದೆ ನಾನು. ಅವನು ಪಾಪ ಮೇಲೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಅಷ್ಟಕ್ಕೇ ಅಜ್ಜಿಗೆ ನಗು ಬಂತು, ನನಗೂ ಬಂತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಅವರು ಕಟ್ಟಿ ತಂದಿದ್ದ ಪುಳಿಯೋಗರೆಯಲ್ಲಿ ಅರ್ಧ ನನಗೆ ಕೊಟ್ಟರು.

ದೇವಸ್ಥಾನದಲ್ಲಿ ಬಂಗಾರದ ಹಲ್ಲಿ ಇದ್ದದ್ದು ಚಾವಣಿಯಲ್ಲಿ. ಸೊಂಟ ಹಿಡಿದು ಅಜ್ಜಿಯನ್ನು ಮೆಟ್ಟಿಲು ಹತ್ತಿಸಿದೆ. ಮುಟ್ಟಿ ಕಣ್ಣಿಗೊತ್ತಿಕೊಂಡರು. ಇಳಿಯುವ ಮುಂಚೆ ನನ್ನ ಕೈಯನ್ನೂ ಎಳೆದು ಹಲ್ಲಿಯ ಮೇಲಿಟ್ಟರು. “ನೀನೂ ಮುಟ್ಟು. ದಿನಾ ಮನೇಲಿ ಹಲ್ಲಿ ಕೆಳಗೇ ಮಲಗ್ತೀಯ.” ಊರು ಬಿಟ್ಟ ಮೇಲೆ ನನ್ನ ತಲೆಯ ಬಗ್ಗೆ ಯೋಚಿಸಿದವರು ಅವರೇ ಮೊದಲು. ಅಳು ಬಂದಿತ್ತು, ಸಾಲಿನಲ್ಲಿ ಹಿಂದಿದ್ದವರು ತಳ್ಳಿದ್ದರಿಂದ ಅಲ್ಲಿಗೇ ನಿಂತಿತು.

ಮಾರನೆಯ ದಿನ ಜೋಗುಪಾಳ್ಯ ತಲುಪುವಾಗ ಆರು ದಾಟಿತ್ತು. ನಮ್ಮ ಕಿಟಕಿ ಮುಚ್ಚಿತ್ತು, ಕೋಣೆ ಕತ್ತಲು. ಅಜ್ಜಿ ಅಂಗಳದಲ್ಲಿ ನಿಂತು ಮೇಲೆ ನೋಡಿದರು.

“ನಿನ್ ಗಂಡ ನಿನ್ನೆ ಲೈಟ್ ಹಾಕಿರ್ತಾನಾ?”

“ಅವರು ಬರೋದೇ ಹತ್ತಕ್ಕೆ, ಅಜ್ಜಿ.”

“ಹಂಗಾದ್ರೆ ಎರಡ್ ದಿನದಿಂದ ಉಪವಾಸ. ಕೀ ಕೊಡು.”

ಚೀಲವನ್ನು ನನ್ನ ಕೈಗೆ ತುರುಕಿ, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿದರು. ನಾನು ಹಿಂದೆಯೇ ಹೋದೆ. ಬಾಗಿಲು ತೆಗೆದು, ಕಿಟಕಿ ತೆರೆದು, ಲೈಟು ಹಾಕಿದ್ದು ಅವರೇ.