ಡಾಕ್ಟ್ರೇ, ಹೊಟ್ಟೆಯಲ್ಲಿ ಪುರಿ ಉಂಟು

ಅತ್ತಾವರದ ಮೆಡಿಕಲ್ ಅಂಗಡಿಯಲ್ಲಿ ಇವತ್ತು ಯಾರೋ ಕಿತ್ತಳೆ ಪರಿಮಳದ ಸಿರಪ್ ಬಾಟಲಿ ಬೀಳಿಸಿದರು. ಆ ಪರಿಮಳ ಮೂಗಿಗೆ ತಾಗಿದ್ದೇ ತಡ, ನಾನು ಮತ್ತೆ ಚಿಕ್ಕ ಹುಡುಗನಾಗಿ, ಅದೇ ಪರಿಮಳ ಸೂಸುತ್ತಿದ್ದ ಜೆಪ್ಪುವಿನ ಹಳೆಯ ಕ್ಲಿನಿಕ್ಕಿನಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದೆ.

ನನ್ನ ಹೊಟ್ಟೆಯಲ್ಲಿ ಹುಳ ಇರುವುದು ಆ ಬೆಳಿಗ್ಗೆ ಸಾಕ್ಷಿಸಮೇತ ಸಾಬೀತಾಗಿತ್ತು. ಲೋಕದಲ್ಲಿ ಇಂಥ ಮಾನಗೇಡಿ ಹೊಟ್ಟೆ ನನ್ನದೊಂದೇ ಎಂದು ನಂಬಿದ್ದೆ. ಕ್ಲಾಸಿನವರಿಗೆ ಗೊತ್ತಾದರೆ ಸನ್ಯಾಸವೇ ಗತಿ ಎಂದೂ ತೀರ್ಮಾನಿಸಿದ್ದೆ.

ತುಳುವಿನಲ್ಲಿ ಹುಳಕ್ಕೆ ಪುರಿ ಎನ್ನುತ್ತೇವೆ. ಡಾಕ್ಟರು ಮೈಸೂರಿನಿಂದ ಹೊಸದಾಗಿ ಬಂದವರು. ಅವರ ಊರಲ್ಲಿ ಪುರಿ ಎಂದರೆ ಮಂಡಕ್ಕಿ.

"ಇವನ ಹೊಟ್ಟೆಯಲ್ಲಿ ಪುರಿ ಉಂಟು ಡಾಕ್ಟ್ರೇ," ಎಂದರು ಅಜ್ಜಿ.

"ಪುರಿ ತಾನೇ? ಇರ್ಲಿ ಬಿಡಿ ಅಜ್ಜಿ, ಹಗುರ. ಸ್ವಲ್ಪ ಹುರಿಗಡಲೆ ಸೇರಿಸಿ ಕೊಡಿ."

"ಎಂತ ಮಾರಾಯ್ರೇ, ಅದಕ್ಕೆ ಜೀವ ಉಂಟು! ಹರಿದಾಡ್ತದೆ!"

ಡಾಕ್ಟರಿಗೆ ಅರ್ಥವಾಯಿತು; ಕುರ್ಚಿ ಅಲುಗುವಷ್ಟು ನಕ್ಕರು. ಆಮೇಲೆ ನನ್ನ ಕಣ್ಣೀರು ಕಂಡಿತು.

"ಅಳೋದ್ಯಾಕೋ? ಹೊರಗೆ ಕೂತಿರೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಇದೇ. ದೊಡ್ಡವರಿಗೂ ಬರುತ್ತೆ. ಮನೆಯವರೆಲ್ಲ ಮಾತ್ರೆ ತಗೊಳ್ಳಿ. ಅಜ್ಜೀನೂ."

"ನಾನಾ? ನಾನು ಮಡಿಯಲ್ಲಿರುವವಳು!"

"ಅದು ಹುಳಕ್ಕೆ ಗೊತ್ತಿರಲ್ಲ ಅಜ್ಜಿ."

ದಾರಿಯಲ್ಲಿ ಅಜ್ಜಿ ಮಹಾ ಗಂಭೀರವಾಗಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ನೋಡು ಮಗಾ, ನಿನ್ನದು ನಾನು ಹೇಳುವುದಿಲ್ಲ. ನನ್ನದು ನೀನು ಹೇಳ್ಬೇಡ." ನನ್ನ ಸನ್ಯಾಸ ಅಲ್ಲಿಗೇ ರದ್ದಾಯಿತು.

"ನಿಮಗೆಂತ ಬೇಕು?" ಅತ್ತಾವರದ ಅಂಗಡಿಯವರು ಕೇಳಿದಾಗ ಇವತ್ತಿಗೆ ಮರಳಿದೆ.

"ಮನೆಮಂದಿಗೆಲ್ಲ ಹುಳದ ಮಾತ್ರೆ," ಎಂದೆ, ಇಡೀ ಅಂಗಡಿಗೆ ಕೇಳುವಂತೆ.

ನನ್ನ ಹಿಂದೆ ನಿಂತಿದ್ದ, ಟೈ ಕಟ್ಟಿದ ಮಹನೀಯರೊಬ್ಬರು ಮೆಲ್ಲಗೆ ಕೆಮ್ಮಿದರು.

"ನನಗೂ ಅದೇ."